ಸಾರಿನಲ್ಲಿ ಕಾಳೆಷ್ಟು?

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಐದು ಜನ. ದಿನವೂ ಮುದ್ದೆ, ಅನ್ನ, ಬೇಳೆ ಸಾರು. ಮೊಟ್ಟೆ, ಮಾಂಸದ ರೂಢಿಯಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಈ ಸಲ ಬಂದಾಗ, ‘ಅಮ್ಮ, ನಮ್ಮ ಊಟದಲ್ಲಿ ಪ್ರೋಟೀನೇ ಇಲ್ಲ, ನಮ್ಮ ದೇಶದ ಊಟವೇ ಹಾಗೆ’ ಎಂದು ಹೇಳಿ ಮೂರು ಸಾವಿರ ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬಿ ತಂದಿಟ್ಟು ಹೋಗಿದ್ದಾಳೆ. ದಿನಾ ಬೇಳೆ ತಿನ್ನುವವರಿಗೂ ಪ್ರೋಟೀನ್ ಸಾಲುವುದಿಲ್ಲವೇ? ಇಷ್ಟೊಂದು ಬೇಳೆ ಬೆಳೆಯುವ ದೇಶದಲ್ಲಿ ಹಾಗಾಗುವುದು ಹೇಗೆ? ನಮ್ಮ ಅತ್ತೆಯವರ ಕಾಲದಲ್ಲಿ ಅವರೆ, ತೊಗರಿ, ಹುರುಳಿ ಎಲ್ಲ ಹೊಲದಿಂದಲೇ ಬರುತ್ತಿತ್ತಂತೆ. ಈಗ ಎಲ್ಲವೂ ಅಂಗಡಿಯದು. ಮತ್ತೆ ಹೊಲಕ್ಕೆ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಒಂದು ಅಳತೆ ಮಾತ್ರ ಬಿಟ್ಟುಹೋಗಿದೆ. ಐದು ಜನರ ಸಾರಿಗೆ ನೀವು ದಿನಕ್ಕೆ ಹಾಕುವ ಬೇಳೆ ಎಷ್ಟು? ಬೇಯಿಸಿದ ಮೇಲಿನ ಲೆಕ್ಕ ಬೇಡ, ಡಬ್ಬಿಯಿಂದ ತೆಗೆಯುವಾಗಿನ ಒಣ ಬೇಳೆಯ ತೂಕ ಬೇಕು. ಅದು ತಿಳಿದರೆ ಮಗಳ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದು ಅಡುಗೆಮನೆಯಲ್ಲೇ ಇತ್ಯರ್ಥವಾಗುತ್ತದೆ.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಪೌಷ್ಟಿಕತೆಯ ಕೆಲಸ ಮಾಡುತ್ತಾ ನಾನು ಕಲಿತ ಮೊದಲ ಪಾಠ ಇದೇ. ‘ಏನು ಊಟ ಮಾಡಿದಿರಿ?’ ಎಂದರೆ ಎಲ್ಲರೂ ‘ಬೇಳೆ ಸಾರು’ ಎನ್ನುತ್ತಾರೆ, ನಾವು ಬೇಳೆ ಎಂದು ಬರೆದುಕೊಳ್ಳುತ್ತೇವೆ. ಅರಸೀಕೆರೆ ಕಡೆಯ ಒಂದು ಮನೆಯಲ್ಲಿ ಒಮ್ಮೆ ತಕ್ಕಡಿ ಇಟ್ಟುಕೊಂಡು ಒಲೆಯ ಪಕ್ಕದಲ್ಲೇ ಕುಳಿತೆ. ಆ ಮನೆಯಾಕೆ ಸ್ಟೀಲ್ ಡಬ್ಬಿಯಿಂದ ಕಾಫಿ ಲೋಟದಲ್ಲಿ ಮುಕ್ಕಾಲು ಭಾಗ ತೊಗರಿಬೇಳೆ ತೆಗೆದರು. ತೂಗಿದೆ, 95 ಗ್ರಾಂ. ಐದು ಜನಕ್ಕೆ, ಎರಡು ಹೊತ್ತಿಗೆ. ಬೇಳೆ ಬೆಂದಿತು, ಕಡೆಗೋಲಿನಲ್ಲಿ ಮಸೆದರು, ಹುಣಸೆ ಹುಳಿ, ಸಾರಿನ ಪುಡಿ, ನೀರು ಬಿತ್ತು, ತಪ್ಪಲೆ ತುಂಬಿತು. ಒಗ್ಗರಣೆಯ ಘಮ ಬೀದಿಯವರೆಗೂ ಹೋಯಿತು. ಸಂಜೆ ಮನೆಗೆ ನೆಂಟರೊಬ್ಬರು ಬಂದರು. ಅವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ತಪ್ಪಲೆಗೆ ಇನ್ನೆರಡು ಲೋಟ ಬಿಸಿನೀರು, ಒಂದು ಚಿಟಿಕೆ ಉಪ್ಪು ಬಿದ್ದಾಗಿತ್ತು. ಕೊನೆಯಲ್ಲಿ ಊಟಕ್ಕೆ ಕುಳಿತ ಆ ತಾಯಿಯ ತಟ್ಟೆಯಲ್ಲಿ ಸಾರಿತ್ತು, ಬೇಳೆ ಇತ್ತೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ತಲೆಗೆ 19 ಗ್ರಾಂ ಬೇಳೆ. ತೊಗರಿಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಎಂದರೆ ಇಡೀ ದಿನದ ಬೇಳೆ ಸಾರಿನಿಂದ ಒಬ್ಬರಿಗೆ ಸಿಕ್ಕಿದ್ದು ನಾಲ್ಕು ಗ್ರಾಂ ಚಿಲ್ಲರೆ.

ಇನ್ನು ಇಡೀ ದಿನದ ಊಟದ ಲೆಕ್ಕ ಹಾಕೋಣ, ಏಕೆಂದರೆ ಪ್ರೋಟೀನ್ ಬೇಳೆಯಲ್ಲಿ ಮಾತ್ರ ಇರುವುದಲ್ಲ. ಎರಡು ಮುದ್ದೆಗೆ 200 ಗ್ರಾಂ ರಾಗಿ ಹಿಟ್ಟು ಹಿಡಿದರೆ ಸುಮಾರು 14 ಗ್ರಾಂ ಪ್ರೋಟೀನ್. 150 ಗ್ರಾಂ ಅಕ್ಕಿಯ ಅನ್ನದಿಂದ 12 ಗ್ರಾಂ. ಹಾಲು, ಮಜ್ಜಿಗೆ, ಕಾಫಿ ಎಲ್ಲ ಸೇರಿ ಒಂದು ಲೋಟ ಹಾಲಿನಷ್ಟಾದರೆ 6 ಗ್ರಾಂ. ಸೊಪ್ಪು ತರಕಾರಿಯಿಂದ ಒಂದು 3 ಗ್ರಾಂ. ಮೇಲಿನ 4 ಗ್ರಾಂ ಸೇರಿಸಿದರೆ ಒಟ್ಟು 39 ಗ್ರಾಮಿನ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ, 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ ಪ್ರೋಟೀನ್ ಬೇಕು. ಇದು ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ ಹೇಳಿದ ಲೆಕ್ಕ. ನಮ್ಮಂತೆ ಮುದ್ದೆ, ಅನ್ನವನ್ನೇ ಹೆಚ್ಚಾಗಿ ನಂಬಿದ ಊಟಕ್ಕೆ ಕಿಲೋ ತೂಕಕ್ಕೆ ಒಂದು ಗ್ರಾಂ ಎಂದು ಹಿಡಿಯುವುದು ಕ್ಷೇಮ. ಆಗ ನಿಮಗೆ 55 ಗ್ರಾಂ ಬೇಕಾಗುತ್ತದೆ. ಬಸುರಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಇದರ ಮೇಲೆ ಇನ್ನೂ 22 ಗ್ರಾಂ ಬೇಕು.

ಹಾಗಾಗಿ ‘ನಮ್ಮ ಊಟದಲ್ಲಿ ಪ್ರೋಟೀನೇ ಇಲ್ಲ’ ಎಂಬ ಮಗಳ ಮಾತು ತಪ್ಪು. ‘ಸಾಲುವುದಿಲ್ಲ’ ಎಂದಿದ್ದರೆ ನಾನು ಅವಳ ಪಕ್ಷ. ಆದರೆ ಕೊರತೆಯ ಗಾತ್ರ ನೋಡಿ, 7ರಿಂದ 16 ಗ್ರಾಂ. ಇದೇ ಸಂಸ್ಥೆಯ ಆಹಾರ ಮಾರ್ಗಸೂಚಿ ದಿನಕ್ಕೆ 85 ಗ್ರಾಂ ಬೇಳೆಕಾಳು ತಿನ್ನಿ ಎನ್ನುತ್ತದೆ, ಮೊಟ್ಟೆ, ಮೀನು, ಮಾಂಸ ತಿನ್ನುವವರು ಅದರಲ್ಲಿ ಒಂದು ಪಾಲನ್ನು ಅವುಗಳಿಂದ ತುಂಬಿಸಿಕೊಳ್ಳಬಹುದು. ನಿಮ್ಮ ಮನೆಯಲ್ಲೂ 19 ಗ್ರಾಮಿನ ಲೆಕ್ಕವೇ ಇದೆ ಎಂದುಕೊಳ್ಳಿ. ಆ ಜಾಗಕ್ಕೆ 85 ಗ್ರಾಂ ಬಂದರೆ ನಿಮ್ಮ ದಿನದ ಪ್ರೋಟೀನ್ 39ರಿಂದ 53-54ಕ್ಕೆ ಏರುತ್ತದೆ. ನನ್ನ ಹಿಡಿಯನ್ನು ತೂಗಿ ನೋಡಿದ್ದೇನೆ, ಒಂದು ಹಿಡಿ ಹುರುಳಿ 35 ಗ್ರಾಮಿನ ಸುಮಾರಿಗೆ ಬರುತ್ತದೆ. ಒಬ್ಬೊಬ್ಬರ ಹೆಸರಿನಲ್ಲಿ ದಿನಕ್ಕೆ ಇನ್ನೆರಡು ಹಿಡಿ ಕಾಳು ತಪ್ಪಲೆಗೆ ಬೀಳಬೇಕು. ಇಡೀ ಉತ್ತರದಲ್ಲಿ ನೀವು ನೆನಪಿಡಬೇಕಾದದ್ದು ಈ ಎರಡು ಹಿಡಿ.

ಬೇಳೆಕಾಳೇ ಏಕೆ, ಅನ್ನವನ್ನೇ ಇನ್ನಷ್ಟು ಉಂಡರೆ ಆಗದೇ ಎಂದು ಕೇಳುವವರಿದ್ದಾರೆ. ಮಲ್ಲಿಗೆಯ ಜೊತೆ ಕನಕಾಂಬರ ಸೇರಿಸಿ ಮಾಲೆ ಕಟ್ಟುವುದನ್ನು ನೆನೆಸಿಕೊಳ್ಳಿ. ಇಷ್ಟು ಮಲ್ಲಿಗೆಗೆ ಇಷ್ಟು ಕನಕಾಂಬರ ಎಂದು ಕಟ್ಟುತ್ತಾ ಹೋದರೆ, ಕನಕಾಂಬರ ಮುಗಿದ ಜಾಗದಲ್ಲಿ ಮಾಲೆ ನಿಲ್ಲುತ್ತದೆ, ಬುಟ್ಟಿಯಲ್ಲಿ ಮಲ್ಲಿಗೆ ಎಷ್ಟೇ ಉಳಿದಿರಲಿ. ನಮ್ಮ ಮೈ ಪ್ರೋಟೀನ್ ಕಟ್ಟುವುದೂ ಹೀಗೆಯೇ. ಅಮೈನೋ ಆಮ್ಲಗಳೆಂಬ ಹೂಗಳಲ್ಲಿ ಒಂದು ಕೊರತೆಯಾದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಕ್ಕಿ, ರಾಗಿ, ಗೋಧಿಯಲ್ಲಿ ಲೈಸಿನ್ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೊನಿನ್ ಕಡಿಮೆ. ರಾಗಿಯಲ್ಲಿ ಮೆಥಿಯೊನಿನ್ ಚೆನ್ನಾಗಿಯೇ ಇದೆ. ರಾಗಿ ಮುದ್ದೆಗೆ ಹುರುಳಿ ಸಾರು ಜೊತೆ ಮಾಡಿದವರು ಈ ಹೆಸರುಗಳನ್ನು ಕೇಳಿರಲಿಲ್ಲ, ಆದರೂ ಜೋಡಿ ಸರಿಯಾಗಿಯೇ ಕೂಡಿದೆ. ಎರಡೂ ಒಂದೇ ತುತ್ತಿನಲ್ಲಿ ಹೋಗಬೇಕೆಂದಿಲ್ಲ, ಒಂದೇ ದಿನದಲ್ಲಿ ಹೋದರೆ ಸಾಕು. ಪ್ರಮಾಣ ಮಾತ್ರ ಮುಖ್ಯ. ಮೂರು ನಾಲ್ಕು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಇರಬೇಕು. ಅರಸೀಕೆರೆಯ ಆ ಮನೆಯಲ್ಲಿ 350 ಗ್ರಾಂ ಧಾನ್ಯಕ್ಕೆ 19 ಗ್ರಾಂ ಬೇಳೆ ಇತ್ತು, ಹದಿನೆಂಟು ಪಾಲಿಗೆ ಒಂದು ಪಾಲು.

ದೇಶದ ವಿಷಯಕ್ಕೆ ಬರುತ್ತೇನೆ. ಬೇಳೆಕಾಳನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ನಮ್ಮದು, ಅತಿ ಹೆಚ್ಚು ತಿನ್ನುವ ದೇಶವೂ ನಮ್ಮದೇ, ಅತಿ ಹೆಚ್ಚು ಆಮದು ಮಾಡಿಕೊಳ್ಳುವುದೂ ನಾವೇ. ತಲೆಗೆ ಎಷ್ಟು ಬರುತ್ತದೆ ಎಂದು ಭಾಗಿಸಿದಾಗ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸರ್ಕಾರದ ಆರ್ಥಿಕ ಸಮೀಕ್ಷೆಯ ಪ್ರಕಾರ 1951ರಲ್ಲಿ ಒಬ್ಬ ಭಾರತೀಯನಿಗೆ ದಿನಕ್ಕೆ ಲಭ್ಯವಿದ್ದ ಬೇಳೆಕಾಳು 60.7 ಗ್ರಾಂ. 1961ರಲ್ಲಿ 69 ಗ್ರಾಂ. ನಿಮ್ಮ ಅತ್ತೆಯವರ ಕಾಲ ಬಹುಶಃ ಅದೇ ಇರಬೇಕು. 1981ಕ್ಕೆ ಅದು 37.5 ಗ್ರಾಮಿಗೆ ಇಳಿಯಿತು, 2001ರಲ್ಲಿ 30 ಗ್ರಾಮಿಗೆ. ನಲವತ್ತು ವರ್ಷಗಳಲ್ಲಿ ಇಡೀ ದೇಶದ ಸಾರಿಗೆ ಯಾರೋ ಎರಡು ಲೋಟ ನೀರು ಹೊಯ್ದ ಹಾಗೆ.

ಹೊಯ್ದವರು ಯಾರೂ ಕೆಟ್ಟವರಲ್ಲ. 1960-61ರಲ್ಲಿ ದೇಶ 127 ಲಕ್ಷ ಟನ್ ಬೇಳೆಕಾಳು ಬೆಳೆದಿತ್ತು. 2000-01ರಲ್ಲಿ ಬೆಳೆದದ್ದು 111 ಲಕ್ಷ ಟನ್ ಮಾತ್ರ. ಅಷ್ಟರಲ್ಲಿ ಜನಸಂಖ್ಯೆ 44 ಕೋಟಿಯಿಂದ 103 ಕೋಟಿಗೆ ಬೆಳೆದಿತ್ತು. ಹಸಿವು ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಹಸಿರು ಕ್ರಾಂತಿ ಗೋಧಿಗೂ ಭತ್ತಕ್ಕೂ ನೀರು, ಗೊಬ್ಬರ, ಹೊಸ ತಳಿ, ಖಚಿತ ಖರೀದಿ ಎಲ್ಲವನ್ನೂ ಕೊಟ್ಟಿತು. ಅದರಿಂದ ಕೋಟ್ಯಂತರ ಜನ ಉಳಿದರು, ಆ ಋಣವನ್ನು ಮರೆಯಬಾರದು. ಆದರೆ ನೀರು ಬಂದ ಜಮೀನಿನಿಂದ ಕಾಳು ಹೊರಬಿದ್ದಿತು. ಮಳೆ ನಂಬಿದ ಬೆದ್ದಲು ಭೂಮಿಗೆ, ಕಾಯಿಕೊರಕದ ಹುಳುವಿಗೆ, ಸೊರಗು ರೋಗಕ್ಕೆ ಅದನ್ನು ಒಪ್ಪಿಸಿ ಕೈತೊಳೆದುಕೊಂಡೆವು. ಒಳ್ಳೆಯ ವರ್ಷ ಬೆಲೆ ಕುಸಿಯುತ್ತದೆ, ಕೆಟ್ಟ ವರ್ಷ ಬೆಳೆಯೇ ಬರುವುದಿಲ್ಲ. ಹಾಗಿರುವಾಗ ರೈತ ಯಾವ ಧೈರ್ಯದ ಮೇಲೆ ತೊಗರಿ ಬಿತ್ತಬೇಕು?

2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೂ ನೆನಪಿರಬಹುದು. ಆ ಪೆಟ್ಟಿನ ನಂತರ ಬೆಂಬಲ ಬೆಲೆ ಏರಿತು, ಸರ್ಕಾರಿ ಖರೀದಿ ಹೆಚ್ಚಿತು. 2015-16ರ 163 ಲಕ್ಷ ಟನ್ ಉತ್ಪಾದನೆ ಮರುವರ್ಷವೇ 231 ಲಕ್ಷ ಟನ್ ದಾಟಿತು. ನಂಬಿಕೆಯ ಬೆಲೆ ಕೊಟ್ಟರೆ ನಮ್ಮ ರೈತರು ಎಷ್ಟು ಬೇಗ ಕಾಳಿನ ಕಡೆ ತಿರುಗುತ್ತಾರೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಈಗ ವರ್ಷಕ್ಕೆ 250 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದೇವೆ. ಆದರೂ ಸಾಲದೆ 2024-25ರಲ್ಲಿ 70 ಲಕ್ಷ ಟನ್ನಿಗೂ ಹೆಚ್ಚು ಹೊರಗಿನಿಂದ ತರಿಸಿದೆವು. ತೊಗರಿ ಮ್ಯಾನ್ಮಾರಿನಿಂದ, ಮೊಜಾಂಬಿಕ್, ತಾಂಜಾನಿಯಾಗಳಿಂದ ಬರುತ್ತದೆ, ಮಸೂರಿ ಬೇಳೆ ಮತ್ತು ಹಳದಿ ಬಟಾಣಿ ಕೆನಡಾದಿಂದ. ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವ ನಾಡಿನಲ್ಲಿ, ನಿಮ್ಮ ಕುಕ್ಕರಿನಲ್ಲಿ ಕೂಗುತ್ತಿರುವುದು ಆಫ್ರಿಕಾದ ತೊಗರಿ ಇದ್ದರೂ ಇರಬಹುದು. ಇಷ್ಟೆಲ್ಲ ಸೇರಿ ತಲೆಗೆ ದಿನಕ್ಕೆ 50 ಗ್ರಾಮಿನ ಸುಮಾರಿಗೆ ಏರಿದ್ದೇವೆ, 1961ಕ್ಕೆ ಇನ್ನೂ ಮರಳಿಲ್ಲ. ಇದೂ ಸರಾಸರಿ. ದೇಶದ ಬೇಳೆಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಕಡಲೆ. ಅದರಲ್ಲಿ ಎಷ್ಟೋ ಕಡಲೆಹಿಟ್ಟಾಗಿ ಬಜ್ಜಿ, ಬೋಂಡಾ, ಖಾರಾಸೇವೆಗೆ ಹೋಗುತ್ತದೆ, ಸಾರಿನ ತಪ್ಪಲೆಗೆ ಬರುವುದಿಲ್ಲ.

ಇನ್ನೊಂದು ಕಾರಣ ನಿಮ್ಮ ರೇಷನ್ ಚೀಲದಲ್ಲೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಖಾತ್ರಿ ಕೊಟ್ಟಿರುವುದು ಅಕ್ಕಿ, ಗೋಧಿ, ಸಿರಿಧಾನ್ಯಗಳಿಗೆ. ಬೇಳೆ ಅದರೊಳಗಿಲ್ಲ. ನಮ್ಮ ರಾಜ್ಯದ ಅನ್ನಭಾಗ್ಯದಲ್ಲಿ ಕೆಲವು ಕಾಲ ತೊಗರಿಬೇಳೆ ಕೊಟ್ಟದ್ದುಂಟು, ಅದು ಸ್ಥಿರವಾಗಿ ನಿಲ್ಲಲಿಲ್ಲ. ಅಕ್ಕಿ ಪುಕ್ಕಟೆ, ಬೇಳೆಗೆ ದುಡ್ಡು ಎಂದಾದಾಗ ಬಡವರ ತಟ್ಟೆ ಅನ್ನದ ಕಡೆಗೇ ವಾಲುತ್ತದೆ. 2023-24ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ಸರಾಸರಿ 62 ಗ್ರಾಮಿನಷ್ಟು ಪ್ರೋಟೀನ್ ಸಿಗುತ್ತಿದೆ ಎಂದು ಬಂದಿದೆ. ಕೇಳಿದರೆ ನೆಮ್ಮದಿಯಾಗುತ್ತದೆ. ಆದರೆ ಅದರಲ್ಲಿ ಅರ್ಧಕ್ಕೆ ಸಮೀಪದ ಪಾಲು ಧಾನ್ಯದಿಂದಲೇ ಬಂದದ್ದು, ಕನಕಾಂಬರ ಸಾಲದ ಮಾಲೆ. ಶಾಲೆಯ ಬಿಸಿಯೂಟದ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ ಬೇಳೆ, ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಧಾನ್ಯಕ್ಕೆ 30 ಗ್ರಾಂ ಬೇಳೆ. ಇಡೀ ದಿನಕ್ಕೆ ನಮ್ಮ ಮನೆಗಳಲ್ಲಿ ಸಿಗುವಷ್ಟನ್ನು ಅಲ್ಲಿ ಒಂದು ಹೊತ್ತಿಗೇ ಬರೆದಿಟ್ಟಿದ್ದಾರೆ.

ಇನ್ನು ಆ ಡಬ್ಬಿ. ಪುಡಿ ಕೆಟ್ಟದ್ದಲ್ಲ. ಹಾಲಿನಿಂದ ತೆಗೆದ ಪ್ರೋಟೀನ್ ಆಗಿದ್ದರೆ ಅದು ಕಾಳಿಗಿಂತ ಸುಲಭವಾಗಿ ಅರಗುತ್ತದೆ ಎಂಬುದೂ ನಿಜ. ಆದರೆ ಕಿಲೋ ಡಬ್ಬಿಯಲ್ಲಿರುವುದು 750 ಗ್ರಾಮಿನಷ್ಟು ಪ್ರೋಟೀನ್. ಅಷ್ಟೇ ಪ್ರೋಟೀನ್ ಮೂರೂವರೆ ಕಿಲೋ ಹುರುಳಿಯಲ್ಲಿದೆ, ಜೊತೆಗೆ ಕಬ್ಬಿಣಾಂಶ, ನಾರು ಬೇರೆ. ನಿಮ್ಮೂರ ಸಂತೆಯಲ್ಲಿ ಹುರುಳಿಯ ಬೆಲೆ ನಿಮಗೇ ಗೊತ್ತು. ಮಗಳು ತಂದದ್ದು ಅಕ್ಕರೆಯಿಂದ, ಡಬ್ಬಿಯನ್ನು ವ್ಯರ್ಥ ಮಾಡಬೇಡಿ, ಮುಗಿಯುವವರೆಗೆ ಬಳಸಿ. ಎರಡನೆಯ ಡಬ್ಬಿ ಬೇಡ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಪುಡಿಯಾಗಲಿ, ಹೆಚ್ಚಿನ ಕಾಳಾಗಲಿ ವೈದ್ಯರನ್ನು ಕೇಳದೆ ಬೇಡ.

ಎರಡು ಹಿಡಿ ಕಾಳು ಹೆಚ್ಚಿಸುವುದೆಂದರೆ ತಿಳಿ ಸಾರನ್ನು ಗಟ್ಟಿ ಮಾಡುತ್ತಾ ಹೋಗುವುದಲ್ಲ. ಹಾಗೆ ಮಾಡಿದರೆ ನಾಲ್ಕನೆಯ ದಿನ ಮನೆಯವರು ಮುಖ ತಿರುಗಿಸುತ್ತಾರೆ. ಕಾಳನ್ನು ಸಾರಿನಿಂದ ಹೊರಗೆ ತನ್ನಿ. ಬಸ್ಸಾರು ಮಾಡುವ ದಿನ ಕಟ್ಟಿನ ನೀರಿಗೆ ಸಿಗುವ ಮರ್ಯಾದೆ ಬಸಿದ ಕಾಳಿಗೆ ಸಿಗುವುದಿಲ್ಲ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ, ಕಟ್ಟಿಗೆ ಇಳಿಯುವುದು ಸ್ವಲ್ಪ. ಆ ಪಲ್ಯವನ್ನು ತಟ್ಟೆಯ ಅಂಚಿಗೆ ಎರಡು ಚಮಚ ಬಡಿಸುವ ಬದಲು ಒಂದು ಬಟ್ಟಲು ಬಡಿಸಿ. ಮೊಳಕೆ ಹುರುಳಿಯ ಸಾರಿನಲ್ಲಿ ಕಾಳು ಸೌಟಿಗೆ ಸಿಗುವಂತಿರಲಿ. ಬೆಳಗಿನ ಉಪ್ಪಿಟ್ಟಿನ ಬದಲು ವಾರಕ್ಕೆರಡು ದಿನ ಹೆಸರುಕಾಳಿನ ಉಸಲಿಯೋ ನುಚ್ಚಿನುಂಡೆಯೋ ಆಗಲಿ. ಬದನೆಕಾಯಿಗೆ ಕಡಲೆಕಾಳು, ಸೊಪ್ಪಿಗೆ ಅಲಸಂದೆ, ಸಂಜೆಗೆ ಒಂದು ಹಿಡಿ ಹುರಿಗಡಲೆ. ಧನುರ್ಮಾಸದ ಸೊಗಡವರೆ ಬಂದಾಗ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹಿತಕಿದ ಬೇಳೆಯ ಸಾರಿನಲ್ಲಿ ಬೇಳೆಯೇ ಹೆಚ್ಚು, ನೀರು ಕಡಿಮೆ. ವರ್ಷದ ಎಲ್ಲ ಸಾರೂ ಆ ಹದಕ್ಕೆ ಬಂದರೆ ನನ್ನಂಥವರಿಗೆ ಕೆಲಸವೇ ಇರುವುದಿಲ್ಲ.

ಹುರುಳಿ ಎಂದರೆ ಎತ್ತಿಗೆ ಬೇಯಿಸಿ ಹಾಕುವ ಕಾಳು, ಬಡವರ ಕಾಳು ಎಂದು ನೆಂಟರ ಮುಂದೆ ಮುಚ್ಚಿಡುವವರನ್ನು ನೋಡಿದ್ದೇನೆ. ನನಗೆ ಅದು ನೋವಿನ ಸಂಗತಿ. ತೊಗರಿಗೂ ಹುರುಳಿಗೂ ಪ್ರೋಟೀನಿನಲ್ಲಿ ವ್ಯತ್ಯಾಸವಿಲ್ಲ, ಎರಡೂ 22ರ ಹತ್ತಿರವೇ. ಹೊಟ್ಟೆ ಉಬ್ಬರಿಸುತ್ತದೆ ಎಂಬುದು ಇನ್ನೊಂದು ದೂರು, ಅದು ನಿಜವಾದ ದೂರು. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ನಮ್ಮ ಕರುಳಿನಲ್ಲಿ ಅರಗದೆ ಹುದುಗಿ ಗಾಳಿಯಾಗುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಒಮ್ಮೆಗೇ ಎರಡು ಹಿಡಿಗೆ ಹೋಗಬೇಡಿ, ಎರಡು ಮೂರು ವಾರ ತೆಗೆದುಕೊಂಡು ಏರಿಸಿ, ಹೊಟ್ಟೆ ಒಗ್ಗಿಕೊಳ್ಳುತ್ತದೆ. ನಿಮ್ಮ ಕಡೆ ಕೊಳವೆ ಬಾವಿಯ ನೀರು ಗಡಸಾಗಿದ್ದರೆ ಕಾಳು ಎಷ್ಟು ಕೂಗಿಸಿದರೂ ಬೇಯುವುದಿಲ್ಲ. ಅದಕ್ಕೆ ಸೋಡಾ ಹಾಕುವುದು ಬೇಡ, ಬಿ1 ಜೀವಸತ್ವ ಹಾಳಾಗುತ್ತದೆ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಬೇಯಿಸಲು ಶುದ್ಧ ನೀರಿನ ಘಟಕದ ನೀರು ಬಳಸಿ. ಮೊಳಕೆ ಕಟ್ಟಿದರೆ ಪ್ರೋಟೀನ್ ಹೆಚ್ಚುತ್ತದೆ ಎಂಬ ಮಾತು ಸರಿಯಲ್ಲ. ಮೊಳಕೆಯಿಂದ ಅರಗುವಿಕೆ ಸುಧಾರಿಸುತ್ತದೆ, ಸಿ ಜೀವಸತ್ವ ಬರುತ್ತದೆ, ಆದರೆ ಪ್ರೋಟೀನ್ ಒಣ ಕಾಳಿನಲ್ಲಿದ್ದಷ್ಟೇ.

ಒಂದು ಮಾತು ನೀವು ಕೇಳದಿದ್ದರೂ ಹೇಳಬೇಕು. ಆರು ತಿಂಗಳು ತುಂಬಿದ ಕೂಸಿಗೆ ‘ಬೇಳೆ ಕಟ್ಟು ಕುಡಿಸುತ್ತಿದ್ದೇವೆ’ ಎಂದು ಹೆಮ್ಮೆಯಿಂದ ಹೇಳುವ ಅಜ್ಜಿಯರು ಪ್ರತಿ ಊರಿನಲ್ಲೂ ಸಿಗುತ್ತಾರೆ. ತಿಳಿ ಕಟ್ಟು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆ, ಮೈ ಬೆಳೆಸುವುದಿಲ್ಲ. ತಳದಲ್ಲಿ ಉಳಿಯುವ ಬೇಳೆಯನ್ನೇ ನುಣ್ಣಗೆ ಕಿವುಚಿ, ಒಂದು ತೊಟ್ಟು ತುಪ್ಪ ಹಾಕಿ ಉಣ್ಣಿಸಬೇಕು. ನಿಮ್ಮ ಬೀದಿಯಲ್ಲಿ ಅಂಥ ಕೂಸಿದ್ದರೆ ದಯವಿಟ್ಟು ಹೋಗಿ ಹೇಳಿ.

ಹೊಲದ ಪ್ರಶ್ನೆ ಉಳಿಯಿತು. ನಿಮ್ಮ ಅತ್ತೆಯವರು ಹೇಳಿದ್ದು ಅಕ್ಕಡಿ ಸಾಲಿನ ಬೇಸಾಯ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳಿನ ಸಾಲುಗಳು. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆ ಒಂದೇ ನಿಂತು, ಹಗಲು ಕಿರಿದಾಗುತ್ತಿದ್ದಂತೆ ಹೂ ಬಿಟ್ಟು ಚಳಿಗಾಲಕ್ಕೆ ಕಾಯಿ ಕೊಡುತ್ತಿತ್ತು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತಿದ್ದವು, ಮುಂದಿನ ರಾಗಿಗೆ ಗೊಬ್ಬರದ ಖರ್ಚು ಅಷ್ಟು ಕಡಿಮೆಯಾಗುತ್ತಿತ್ತು. ಆ ಸಾಲುಗಳ ಜಾಗಕ್ಕೆ ನಮ್ಮ ಜಿಲ್ಲೆಯಲ್ಲಿ ಮುಸುಕಿನ ಜೋಳ ಬಂದಿದೆ, ಕೋಳಿ ಮತ್ತು ದನದ ಮೇವಿಗೆ. ಹಣ ಬರುತ್ತದೆ, ಬೇಡವೆನ್ನಲು ನಾನು ಯಾರು? ಆದರೆ ಜೋಳಕ್ಕೆ ಅಟ್ರಜಿನ್ ಕಳೆನಾಶಕ ಹೊಡೆಯುವ ಹೊಲದಲ್ಲಿ ಅವರೆ, ಅಲಸಂದೆ ಉಳಿಯುವುದಿಲ್ಲ, ಅಗಲ ಎಲೆಯ ಗಿಡವನ್ನೆಲ್ಲ ಅದು ಸುಡುತ್ತದೆ. ಹಾಗಾಗಿ ಕಾಳು ಹಾಕುವುದಿದ್ದರೆ ರಾಗಿಯ ತಾಕಿನಲ್ಲೇ ಹಾಕಿ.

ಪ್ರಯೋಜನವಿದೆಯೇ ಎಂದರೆ, ಖಂಡಿತ ಇದೆ. ಐದು ಜನಕ್ಕೆ ದಿನಕ್ಕೆ 85 ಗ್ರಾಮಿನಂತೆ ವರ್ಷಕ್ಕೆ ಒಂದೂವರೆ ಕ್ವಿಂಟಲ್ ಕಾಳು ಬೇಕು. ಅಕ್ಕಡಿ ಸಾಲಿನಿಂದ ಅಷ್ಟೂ ತುಂಬುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಆದರೆ ಮನೆಯ ವಾಡೆಯಲ್ಲಿ ಕಾಳಿದ್ದಾಗ ಕೈ ಧಾರಾಳವಾಗುತ್ತದೆ, ಅಂಗಡಿಯಿಂದ ಅರ್ಧ ಕಿಲೋ ತಂದಾಗ ಲೋಟದ ಮುಕ್ಕಾಲಿಗೇ ನಿಲ್ಲುತ್ತದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎಂಟರಿಂದ ಹತ್ತು ಸಾಲಿಗೆ ಎರಡು ಸಾಲು ತೊಗರಿ ಎಂಬುದು ಕೃಷಿ ವಿಶ್ವವಿದ್ಯಾಲಯದವರೂ ಹೇಳುವ ಲೆಕ್ಕ. ಅಕ್ಕಡಿಗೆ ಹಬ್ಬುವ ನಾಟಿ ಅವರೆಯೇ ಹೊಂದುತ್ತದೆ. ಹೆಬ್ಬಾಳ ಅವರೆಯ ಗಿಡ್ಡ ತಳಿಗಳು ಹಗಲಿನ ಉದ್ದ ನೋಡದೆ ಎಲ್ಲ ಕಾಲದಲ್ಲೂ ಕಾಯಿ ಬಿಡುತ್ತವೆ, ಅವನ್ನು ಹಿತ್ತಿಲಿಗೋ ನೀರಿರುವ ತುಂಡು ಜಾಗಕ್ಕೋ ಹಾಕಿಕೊಳ್ಳಿ. ಮುಂಗಾರಿಗೆ ಮೊದಲಿನ ಮಳೆ ಬಿದ್ದ ವರ್ಷ ರಾಗಿಗೆ ಮುಂಚೆಯೇ ಹೆಸರು, ಅಲಸಂದೆ ಒಂದು ಬೆಳೆ ತೆಗೆಯಬಹುದು. ಹಿಂಗಾರಿನ ಮಳೆಗೆ ಖಾಲಿ ಉಳಿದ ಕೆಬ್ಬೆ ನೆಲಕ್ಕೆ ಹುರುಳಿ ಚೆಲ್ಲಬಹುದು. ನಾಟಿ ಅವರೆಯ ಬೀಜಕ್ಕೆ ಅಂಗಡಿಗೆ ಹೋಗಬೇಡಿ. ನಿಮ್ಮ ಅತ್ತೆಯವರ ಓರಗೆಯ ಯಾರಾದರೂ ಊರಿನಲ್ಲಿ ಇನ್ನೂ ಅವರೆ ಹಾಕುತ್ತಿದ್ದರೆ, ಬರುವ ಸುಗ್ಗಿಯಲ್ಲಿ ಕಾಯಿ ಒಣಗುವ ಮುಂಚೆಯೇ ಹೋಗಿ ಎರಡು ಸೇರು ಹೇಳಿಟ್ಟು ಬನ್ನಿ.